ಭಾನುವಾರದ ಫ್ರೆಂಚ್ ಸಲಾಡ್: ಮೊದಲೇ ಓದಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಮಾಡುವುದು ‘ಕರೋತ್ ರಾಪೇ’, ಫ್ರಾನ್ಸಿನ ಮನೆಗಳಲ್ಲಿ, ಶಾಲೆಯ ಊಟದಲ್ಲಿ ಮಾಮೂಲಿಯಾದ ಕ್ಯಾರೆಟ್ ತುರಿಯ ಸಲಾಡ್. ಇದನ್ನು ಅಲ್ಲಿ ಊಟದ ಶುರುವಿಗೇ ಬಡಿಸುತ್ತಾರೆ. ಬರೀ ಸೊಪ್ಪಿನ ಸಲಾಡ್ ಆದರೆ ಸಾಮಾನ್ಯವಾಗಿ ಮುಖ್ಯ ಅಡುಗೆ ಮುಗಿದ ಮೇಲೆ, ಚೀಸ್‌ಗೆ ಮುಂಚೆ.

ರುಚಿಯೆಲ್ಲಾ ಇರುವುದು ವಿನೆಗ್ರೆಟ್‌ನಲ್ಲಿ, ಅಂದರೆ ಸಲಾಡ್‌ಗೆ ಕಲಸುವ ಹುಳಿ-ಎಣ್ಣೆಯ ಮಿಶ್ರಣದಲ್ಲಿ. ಬಾಟಲಿಯದು ದಯವಿಟ್ಟು ತರಬೇಡಿ, ಮನೆಯಲ್ಲಿ ಮಾಡಿದ್ದರ ಮುಂದೆ ಅದು ಏನೂ ಅಲ್ಲ. ಒಂದು ಚಮಚ ನಿಂಬೆರಸಕ್ಕೆ ಉಪ್ಪು, ಅರ್ಧ ಚಮಚ ದಿಜೋಂ (ಫ್ರೆಂಚ್ ಶೈಲಿಯ) ಸಾಸಿವೆ ಪೇಸ್ಟ್ ಹಾಕಿ ಕಲಕಿ. ಉಪ್ಪು ಎಣ್ಣೆಯಲ್ಲಿ ಕರಗಲ್ಲ, ಅದಕ್ಕೇ ಮೊದಲು ಹಾಕಬೇಕು. ಆಮೇಲೆ ಮೂರು ಚಮಚ ಎಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಾ ಮಂದವಾಗುವವರೆಗೆ ಕಲಕಿ.

ಕ್ಯಾರೆಟ್ ಸಣ್ಣಗೆ ತುರಿಯಿರಿ. ಒಗ್ಗರಣೆ ಬೇಡ. ಪಾರ್ಸ್ಲಿ (ಕೊತ್ತಂಬರಿಯಂತೆ ಕಾಣುವ ಸೊಪ್ಪು) ಸಿಕ್ಕರೆ ಒಂದು ಹಿಡಿ ತನ್ನಿ.