ಅದು ವೆಬ್ಲಿ ಅಲ್ಲ, ಎನ್‌ಫೀಲ್ಡ್

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಹಳೇ ಆಯುಧಗಳ ಬಗ್ಗೆ ಬಂದ ಲೇಖನ ಓದಿ ಖುಷಿಯಾಯಿತು. ಆದರೆ ಒಂದು ರಿವಾಲ್ವರ್ ಫೋಟೊ ಕೆಳಗೆ ‘ಮೊದಲ ಮಹಾಯುದ್ಧದ ವೆಬ್ಲಿ ಮಾರ್ಕ್ 6’ ಅಂತ ಹಾಕಿದ್ದೀರಿ. ಅದು ತಪ್ಪು. ಅದು ಎನ್‌ಫೀಲ್ಡ್ ನಂ. 2, ಮಾರ್ಕ್ 1 ಸ್ಟಾರ್ ಇರಬೇಕು (ಸ್ಟಾರ್ ಅಂದರೆ ಮಾದರಿಯ ಹೆಸರಿನ ಪಕ್ಕ ಒತ್ತಿದ ನಕ್ಷತ್ರ).

ಹೇಗೆ ಗೊತ್ತು ಅಂತೀರಾ? ಹ್ಯಾಮರ್, ಅಂದರೆ ಬಡಿದು ಗುಂಡು ಸಿಡಿಸುವ ಹಿಂಭಾಗದ ಸುತ್ತಿಗೆ, ನೋಡಿ. ಹೆಬ್ಬೆರಳಿನಿಂದ ಹಿಂದಕ್ಕೆ ಎಳೆಯೋಕೆ ಕೊಕ್ಕೆ ಇರಬೇಕಲ್ವಾ, ಅದೇ ಇಲ್ಲ, ಬೋಳಾಗಿದೆ. ಟ್ಯಾಂಕಿನೊಳಗೆ ಆ ಕೊಕ್ಕೆ ಅಲ್ಲಿ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಬ್ರಿಟಿಷ್ ಟ್ಯಾಂಕ್ ಪಡೆಯವರು ಹೇಳಿದ್ದಕ್ಕೆ 1938ರಲ್ಲಿ ಅದನ್ನು ತೆಗೆದರು. ಮೊದಲ ಮಹಾಯುದ್ಧ ಮುಗಿದು ಆಗಲೇ 20 ವರ್ಷವಾಗಿತ್ತು.

ವೆಬ್ಲಿ ಮಾರ್ಕ್ 6 ಸೈನ್ಯಕ್ಕೆ ಬಂದದ್ದು 1915ರಲ್ಲಿ. .455 ಇಂಚಿನ ಗುಂಡು, 6 ಇಂಚಿನ ಬ್ಯಾರೆಲ್, ತೂಕ 1 ಕಿಲೋಗಿಂತ ಜಾಸ್ತಿ. ಎನ್‌ಫೀಲ್ಡ್ .38ರದ್ದು, ಬ್ಯಾರೆಲ್ 5 ಇಂಚು, ಕೈಗೆ ಹಗುರ. ಗೊಂದಲ ಆಗುವುದು ಸಹಜ, ಯಾಕಂದ್ರೆ ಎರಡೂ ನಡುವಿನಲ್ಲಿ ಬಗ್ಗಿ ತೆರೆದುಕೊಳ್ಳುವಂಥವು, ನೋಡೋಕೆ ಅಣ್ಣತಮ್ಮಂದಿರ ಹಾಗೆ. .38ರ ವಿನ್ಯಾಸದಲ್ಲಿ ವೆಬ್ಲಿ ಕಂಪನಿಯವರೂ ದುಡಿದಿದ್ದರು, ಆದರೆ ಸರ್ಕಾರ ಅದನ್ನು ತನ್ನ ಎನ್‌ಫೀಲ್ಡ್ ಕಾರ್ಖಾನೆಯಲ್ಲೇ ಮಾಡಿಸಿತು. ಆ ದುಡಿಮೆಗೆ ವೆಬ್ಲಿಯವರು 2,250 ಪೌಂಡ್ ಕೇಳಿದರು, ಕೊನೆಗೆ ಸಿಕ್ಕಿದ್ದು 1,250.

ನಮ್ಮ ಮನೆಯಲ್ಲೂ ತಾತನ ರಿವಾಲ್ವರನ್ನು ಎಲ್ಲರೂ ವೆಬ್ಲಿ ಅಂತಲೇ ಕರೆಯುತ್ತಿದ್ದರು. ಲೈಸೆನ್ಸ್ ಕಾಗದದಲ್ಲೂ ಹಾಗೇ ಬಿತ್ತು, ಆಮೇಲೆ ಅದನ್ನು ತಿದ್ದಿಸೋಕೆ ಅಪ್ಪ ಕಚೇರಿಯಿಂದ ಕಚೇರಿಗೆ ಅಲೆದಾಡಿದರು. ಒಂದು ದಿನ ಎಣ್ಣೆ ಬಟ್ಟೆಯಲ್ಲಿ ಒರೆಸುವಾಗ ಬಲಗಡೆ, ಹ್ಯಾಮರ್ ಕೆಳಗೆ, ಕೊಳೆಯೊಳಗಿಂದ ಅಕ್ಷರ ಎದ್ದು ಬಂದವು: ಒಂದು ಕಿರೀಟ, ಎನ್‌ಫೀಲ್ಡ್, ನಂ. 2 ಮಾರ್ಕ್ 1, ಇಸವಿ 1936. ಪಕ್ಕದ ನಕ್ಷತ್ರ ಮಾತ್ರ ಸ್ವಲ್ಪ ವಾರೆಯಾಗಿತ್ತು. ಹಳೇ ಮಾರ್ಕ್ 1ಗಳ ಕೊಕ್ಕೆ ತೆಗೆದು ಆಮೇಲೆ ನಕ್ಷತ್ರ ಒತ್ತಿದವು ಬಹಳ ಇವೆ, ಇದೂ ಅಂಥದ್ದೇ.

ಸುಮ್ನೆ ‘ಎನ್‌ಫೀಲ್ಡ್ ಮಾರ್ಕ್ 1’ ಅಂತ ಬರೆದರೂ ಸಾಲದು. ಆ ಹೆಸರಿನ 1880ರ .476 ರಿವಾಲ್ವರ್ ಬೇರೆಯೇ ಇದೆ. ಹಾಗಾಗಿ ‘ನಂ. 2’ ಬಿಡಬೇಡಿ. ನಕ್ಷತ್ರ ಎಷ್ಟು ಅನ್ನೋದನ್ನೂ ಎಣಿಸಬೇಕು. 1942ರಲ್ಲಿ ಬಂದ ಎರಡು ನಕ್ಷತ್ರದ ಮಾದರಿಯಲ್ಲಿ ಯುದ್ಧದ ಅವಸರಕ್ಕೆ, ಹ್ಯಾಮರ್ ತಾನಾಗಿ ಗುಂಡಿಗೆ ಬಡಿಯದಂತೆ ಹಿಡಿಯುವ ತಡೆಯನ್ನೇ ಕೈಬಿಟ್ಟಿದ್ದರು, ಗುಂಡು ತುಂಬಿದ್ದು ಕೈಜಾರಿ ಬಿದ್ದರೆ ಹಾರುವ ಅಪಾಯ ಇತ್ತು.

ದಯವಿಟ್ಟು ಮುಂದಿನ ವಾರ ತಿದ್ದುಪಡಿ ಹಾಕಿ. ಫೋಟೊ ಕೊಟ್ಟವರಿಗೂ ಬಲಗಡೆಯ ಅಕ್ಷರ ಓದೋಕೆ ಹೇಳಿ. ಅಲ್ಲಿ ‘ಆಲ್ಬಿಯನ್’ ಅಂತಿದ್ದರೆ ಅದು ಸ್ಕಾಟ್ಲೆಂಡಿನ ಲಾರಿ ಕಂಪನಿಯಲ್ಲಿ, 1941ರಿಂದ 1943ರೊಳಗೆ ತಯಾರಾದದ್ದು.

ಇಂತಿ,
ನಿಮ್ಮ ಓದುಗ