ಟೆರಾಫ್ಲಾಪ್ ಕೋಷ್ಟಕದಲ್ಲಿ ಕಾಣದ ಸ್ವಿಚ್

ಮಾನ್ಯ ಸಂಪಾದಕರೇ,

ವಿಡಿಯೊ ಗೇಮ್ ಕನ್ಸೋಲ್‌ಗಳನ್ನು ಹೋಲಿಸಿ ತಮ್ಮ ಪುರವಣಿಯಲ್ಲಿ ಈಚೆಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಪ್ಲೇಸ್ಟೇಷನ್ 5ರ ಸಾಮರ್ಥ್ಯ 10.28 ಟೆರಾಫ್ಲಾಪ್ (ಸೆಕೆಂಡಿಗೆ ಒಂದು ಲಕ್ಷ ಕೋಟಿ ಲೆಕ್ಕ ಮಾಡುವ ವೇಗವೇ ಒಂದು ಟೆರಾಫ್ಲಾಪ್), ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನದು 12 ಟೆರಾಫ್ಲಾಪ್ ಎಂಬ ಅಂಕಿಗಳನ್ನು ಲೇಖಕರು ಸರಿಯಾಗಿಯೇ ಕೊಟ್ಟಿದ್ದಾರೆ. ಆದರೆ ಜಪಾನಿನ ನಿಂಟೆಂಡೊ ಕಂಪನಿಯ ಸ್ವಿಚ್ ಎಂಬ ಕನ್ಸೋಲ್ ಮಾತ್ರ ಕೋಷ್ಟಕದ ಕೊನೆಯ ಸಾಲಿನಲ್ಲಿ, ‘ಸಾಮರ್ಥ್ಯ ಕಡಿಮೆ’ ಎಂಬ ಒಂದೇ ಷರಾದೊಂದಿಗೆ ಮುಗಿದುಹೋಗಿದೆ. ಆ ಷರಾ ಸುಳ್ಳಲ್ಲ. ಆದರೆ ಮನೆಗೆ ಒಂದೇ ಒಂದು ಕನ್ಸೋಲ್ ತರುವವರು, ಅದರಲ್ಲೂ ಆಟದಲ್ಲಿ ಪಳಗಿದವರ ಜೊತೆಗೆ ಪಳಗದವರೂ ಇರುವ ಮನೆಯವರು, ಸ್ವಿಚ್ ಅನ್ನೇ ಏಕೆ ಕೊಳ್ಳಬೇಕು ಎಂಬುದಕ್ಕೆ ಇರುವ ಕಾರಣ ಆ ಕೋಷ್ಟಕದ ಯಾವ ಅಂಕಣದಲ್ಲೂ ಇರಲಿಲ್ಲ. ಅದನ್ನು ಹೇಳುವುದಕ್ಕಾಗಿ ಈ ಪತ್ರ.

2017ರ ಮಾರ್ಚ್ 3ರಂದು ಮಾರುಕಟ್ಟೆಗೆ ಬಂದ ಸ್ವಿಚ್, ನೋಡುವುದಕ್ಕೆ 6.2 ಇಂಚು ಪರದೆಯ ಸಣ್ಣ ಟ್ಯಾಬ್ಲೆಟ್‌ನಂತಿದೆ. ಅದರ ಎಡಬಲದ ಅಂಚುಗಳಲ್ಲಿರುವ ಹಳಿಗಳ ಮೇಲೆ ಜಾಯ್-ಕಾನ್ ಎಂಬ ಎರಡು ಪುಟ್ಟ ಕಂಟ್ರೋಲರ್‌ಗಳು ಜಾರಿ ಕೂರುತ್ತವೆ. ಎಲ್ಲ ಸೇರಿ ಸುಮಾರು 400 ಗ್ರಾಂ ತೂಕ; ಮೊದಲು ಬಂದ ಪ್ಲೇಸ್ಟೇಷನ್ 5 ನಾಲ್ಕೂವರೆ ಕಿಲೊ ತೂಗುತ್ತದೆ ಎಂಬುದನ್ನು ನೆನೆದರೆ ಇವೆರಡೂ ಬೇರೆ ಬೇರೆ ಜಾತಿಯ ಯಂತ್ರಗಳೆಂಬುದು ಹೊಳೆಯುತ್ತದೆ. ಟಿವಿಗೆ ಜೋಡಿಸಿದ ಡಾಕ್ ಎಂಬ ಆಧಾರಪೀಠದೊಳಗೆ ಇಳಿಸಿದರೆ ಚಿತ್ರ ಟಿವಿಯಲ್ಲಿ ಮೂಡುತ್ತದೆ, ಎತ್ತಿಕೊಂಡರೆ ಕೈಯಲ್ಲಿರುವ ಪರದೆಗೇ ಮರಳುತ್ತದೆ. ಮನೆಯವರು ಸುದ್ದಿ ನೋಡಬೇಕೆಂದಾಗ ಆಡುತ್ತಿದ್ದವರು ಆಟ ನಿಲ್ಲಿಸಬೇಕಾಗಿಲ್ಲ, ಯಂತ್ರವನ್ನು ಎತ್ತಿಕೊಂಡು ಪಕ್ಕಕ್ಕೆ ಸರಿದರೆ ಸಾಕು. ಜಾಹೀರಾತುಗಳಲ್ಲಿ ಹೆಚ್ಚಾಗಿ ಕಾಣುವುದು ಈ ಅನುಕೂಲವೇ.

ನನ್ನ ಮಟ್ಟಿಗೆ ದೊಡ್ಡ ವಿಷಯ ಇದಲ್ಲ. ಜಾಯ್-ಕಾನ್‌ನ ಹಿಂಬದಿಯಲ್ಲಿರುವ ಚಿಕ್ಕ ಗುಂಡಿಯನ್ನು ಒತ್ತಿ ಮೇಲಕ್ಕೆ ಎಳೆದರೆ ಅದು ಕಳಚಿ ಕೈಗೆ ಬರುತ್ತದೆ. ಒಂದನ್ನು ನೀವು ಇಟ್ಟುಕೊಂಡು ಇನ್ನೊಂದನ್ನು ಪಕ್ಕದಲ್ಲಿ ಕುಳಿತವರಿಗೆ ಕೊಟ್ಟು, ಎರಡನ್ನೂ ಅಡ್ಡಲಾಗಿ ಹಿಡಿದರೆ, ಪ್ರತಿಯೊಂದೂ ಬೆರಳಿನಿಂದ ಎಲ್ಲ ದಿಕ್ಕಿಗೂ ವಾಲಿಸುವ ಒಂದು ಸ್ಟಿಕ್, ನಾಲ್ಕು ಗುಂಡಿ ಮತ್ತು ಹಳಿಯಲ್ಲಿ ಅಡಗಿದ್ದ ಇನ್ನೆರಡು ಗುಂಡಿಗಳಿರುವ ಪೂರ್ಣ ಕಂಟ್ರೋಲರ್ ಆಗುತ್ತದೆ. ಪ್ಲೇಸ್ಟೇಷನ್ ಮತ್ತು ಎಕ್ಸ್‌ಬಾಕ್ಸ್‌ಗಳ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಒಂದೇ ಕಂಟ್ರೋಲರ್ ಇರುತ್ತದೆ. ಎರಡನೆಯವರು ಆಡಬೇಕಾದರೆ ಎರಡನೆಯದನ್ನು ಬೇರೆಯಾಗಿ ಕೊಳ್ಳಬೇಕು, ಅದನ್ನು ಕೊಳ್ಳುವವರೆಗೆ ಒಬ್ಬರು ಆಡುತ್ತಾರೆ, ಉಳಿದವರು ನೋಡುತ್ತಾರೆ. ಸ್ವಿಚ್ ಪೆಟ್ಟಿಗೆ ತೆರೆದ ಗಳಿಗೆಯಿಂದಲೇ ಇಬ್ಬರ ಯಂತ್ರ.

ನನ್ನ ತಾಯಿಗೆ ಅರವತ್ತೆಂಟು ವರ್ಷ. ಕಂಟ್ರೋಲರ್ ಕಂಡರೆ ‘ಇಷ್ಟೊಂದು ಗುಂಡಿ ನೆನಪಿಟ್ಟುಕೊಳ್ಳೋದು ನನ್ನಿಂದ ಆಗದಪ್ಪ’ ಎಂದು ಎದ್ದುಹೋಗುವವರು. ನಿಂಟೆಂಡೊ ಸ್ವಿಚ್ ಸ್ಪೋರ್ಟ್ಸ್ ಎಂಬ, 2022ರ ಏಪ್ರಿಲ್‌ನಲ್ಲಿ ಬಂದ ಆಟದಲ್ಲಿ ಬೌಲಿಂಗ್ ಇದೆ; ಕ್ರಿಕೆಟ್‌ನದಲ್ಲ, ಚೆಂಡು ಉರುಳಿಸಿ ಹತ್ತು ಪಿನ್‌ಗಳನ್ನು ಬೀಳಿಸುವಂಥದ್ದು. ಜಾಯ್-ಕಾನ್‌ನ ಪಟ್ಟಿಯನ್ನು ಮಣಿಕಟ್ಟಿಗೆ ಹಾಕಿಕೊಟ್ಟು, ಒಂದೇ ಗುಂಡಿಯನ್ನು ಒತ್ತಿ ಹಿಡಿದು ಚೆಂಡು ಉರುಳಿಸುವಂತೆ ತೋಳು ಬೀಸಿ ಎಂದೆವು. ಬೆಂಕಿಪೆಟ್ಟಿಗೆ ಹಿಡಿದ ಹಾಗೆ ಬೆರಳ ತುದಿಯಲ್ಲಿ ಹಿಡಿದು, ಸಂಕೋಚದಿಂದಲೇ ಬೀಸಿದರು. ಚೆಂಡು ಪಕ್ಕದ ಕಾಲುವೆಗೆ ಬಿತ್ತು. ಎರಡನೆಯದೂ ಹಾಗೆಯೇ. ಮೂರನೆಯ ಸಲ ಕಾಲು ಸ್ವಲ್ಪ ಹಿಂದಿಟ್ಟು, ಸೆರಗು ಸಿಕ್ಕಿಸಿಕೊಂಡು ಬೀಸಿದಾಗ ಹತ್ತೂ ಪಿನ್‌ಗಳು ಉರುಳಿದವು, ಅದರ ಕಂಪನ ಕೈಗೂ ತಟ್ಟಿತು. ಅವರು ಬೆಚ್ಚಿ ಕೈ ನೋಡಿಕೊಂಡರು. ಆಮೇಲೆ ಸರದಿ ಯಾರದೆಂದು ಕೇಳತೊಡಗಿದವರೇ ಅವರು. ಅಲ್ಲಿ ಕೆಲಸಕ್ಕೆ ಬಂದದ್ದು ಜಾಯ್-ಕಾನ್‌ನೊಳಗಿನ ಚಲನೆ ಗುರುತಿಸುವ ಸಂವೇದಕ. ಟೆರಾಫ್ಲಾಪ್‌ನ ಲೆಕ್ಕ ಅಲ್ಲಿಗೆ ಬರುವುದೇ ಇಲ್ಲ.

ಇದು ಯಂತ್ರದ ಮಾತಾಯಿತು. ಅದಕ್ಕಾಗಿ ನಿಂಟೆಂಡೊ ತಾನೇ ರೂಪಿಸುವ ಆಟಗಳಲ್ಲಿಯೂ ಪಳಗಿದವರು ಮತ್ತು ಪಳಗದವರು ಒಟ್ಟಿಗೆ ಕೂರುವುದಕ್ಕೆ ಜಾಗ ಮಾಡಿಟ್ಟಿರುತ್ತಾರೆ. 2017ರ ಏಪ್ರಿಲ್‌ನಲ್ಲಿ ಬಂದ ಮಾರಿಯೊ ಕಾರ್ಟ್ 8 ಡೀಲಕ್ಸ್‌ನಲ್ಲಿ ಒಂದೇ ಪರದೆಯನ್ನು ಹಂಚಿಕೊಂಡು ನಾಲ್ವರವರೆಗೆ ಕಾರು ಓಡಿಸಬಹುದು. ನನ್ನ ಮಗಳಿಗೆ ಹದಿಮೂರು, ಮಗನಿಗೆ ಆರು. ಸಮಾನ ನಿಯಮದಲ್ಲಿ ಆಡಿದರೆ ಐದು ನಿಮಿಷದಲ್ಲಿ ಒಬ್ಬರಿಗೆ ಬೇಸರ, ಇನ್ನೊಬ್ಬರಿಗೆ ಅಳು. ಆದರೆ ಆಟದೊಳಗೆ ಸ್ಮಾರ್ಟ್ ಸ್ಟಿಯರಿಂಗ್ ಎಂಬ ವ್ಯವಸ್ಥೆ ಇದೆ. ಅದನ್ನು ಪ್ರತಿಯೊಬ್ಬ ಆಟಗಾರನಿಗೂ ಬೇರೆ ಬೇರೆಯಾಗಿ ಹಾಕಬಹುದು, ತೆಗೆಯಬಹುದು. ಹಾಕಿದವರ ಕಾರಿನ ಹಿಂದೆ ಒಂದು ಸಣ್ಣ ಆಂಟೆನಾ ಮೂಡುತ್ತದೆ. ಕಾರು ರಸ್ತೆ ಬಿಟ್ಟು ಹೊರಗೆ ಹೋಗಲಾರದು, ಪ್ರಪಾತಕ್ಕೂ ಬೀಳದು. ವೇಗವರ್ಧಕವನ್ನು ಒತ್ತಿ ಹಿಡಿಯಲಾಗದ ಪುಟ್ಟ ಕೈಗಳಿಗೆ ಕಾರು ತಾನಾಗಿ ಮುಂದೆ ಓಡುವ ಸೌಲಭ್ಯ ಬೇರೆ ಇದೆ. ಹೀಗೆ ಇಬ್ಬರೂ ಒಂದೇ ಓಟದಲ್ಲಿ ಉಳಿಯುತ್ತಾರೆ.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಬೇರೊಂದು ಸಂಗತಿ. ರಸ್ತೆ ಬಿಟ್ಟು ಹುಲ್ಲಿನ ಮೇಲೆ ಹಾಯುವ ಅಡ್ಡದಾರಿಗಳನ್ನೂ ಸ್ಮಾರ್ಟ್ ಸ್ಟಿಯರಿಂಗ್ ತಡೆಯುತ್ತದೆ. ಅಕ್ಕ ಅಂಥ ದಾರಿಯಲ್ಲಿ ನುಗ್ಗಿ ಮುಂದೆ ಹೋಗುವುದನ್ನು ಕೆಲವು ವಾರ ನೋಡಿದ ಮಗ, ತಾನೂ ಹೋಗಲು ತಿರುಗಿಸಿದಾಗಲೆಲ್ಲ ಕಾರು ಮತ್ತೆ ರಸ್ತೆಗೇ ಬರುವುದನ್ನು ಕಂಡು, ಒಂದು ದಿನ ‘ಆ ಕಡ್ಡಿ ತೆಗೆದುಬಿಡು’ ಎಂದ. ತೆಗೆದ ಮೊದಲ ಓಟದಲ್ಲಿ ನಾಲ್ಕು ಸಲ ಪ್ರಪಾತಕ್ಕೆ ಬಿದ್ದು ಹನ್ನೆರಡನೆಯವನಾಗಿ ಮುಗಿಸಿದರೂ ಅದನ್ನು ಮತ್ತೆ ಹಾಕಿಸಿಕೊಳ್ಳಲು ಒಪ್ಪಲಿಲ್ಲ. ಸಹಾಯವನ್ನು ಎಷ್ಟು ಕೊಡಬೇಕು, ಅದು ಬೇಡವೆನಿಸುವುದಕ್ಕೆ ಎಲ್ಲಿ ಜಾಗ ಬಿಡಬೇಕು ಎಂಬುದನ್ನು ಇಷ್ಟು ಎಚ್ಚರದಿಂದ ಯೋಚಿಸಿದವರ ಕೆಲಸ ಇದು. ಸೂಪರ್ ಮಾರಿಯೊ ಒಡಿಸ್ಸಿ ಎಂಬ ಇನ್ನೊಂದು ಆಟದಲ್ಲಿ ಒಬ್ಬರು ಮಾರಿಯೊನನ್ನು ನಡೆಸಿದರೆ ಇನ್ನೊಬ್ಬರು ಅವನ ಟೋಪಿಯನ್ನು ನಡೆಸಬಹುದು. ಟೋಪಿ ಆಗುವುದು ಸಣ್ಣ ಪಾತ್ರವೆಂದು ದೊಡ್ಡವರಿಗೆ ಅನ್ನಿಸಬಹುದು, ಆರು ವರ್ಷದವನಿಗೆ ಹಾಗನ್ನಿಸಲಿಲ್ಲ.

‘ಸಾಮರ್ಥ್ಯ ಕಡಿಮೆ’ ಎಂಬ ಷರಾಕ್ಕೆ ಮರಳುವುದಾದರೆ, ಅದು ನಿಂಟೆಂಡೊ ಕಂಪನಿಯ ಬಹಳ ಹಳೆಯ ಆಯ್ಕೆ ಎಂಬುದನ್ನು ಲೇಖನ ಹೇಳಬೇಕಿತ್ತು. 1889ರಲ್ಲಿ ಕ್ಯೋಟೊದಲ್ಲಿ ಹೂವಿನ ಚಿತ್ರಗಳ ಇಸ್ಪೀಟೆಲೆ ಮಾಡುವುದರಿಂದ ಆರಂಭವಾದ ಆ ಕಂಪನಿಯಲ್ಲಿ ಗುನ್ಪೆ ಯೊಕೊಯಿ ಎಂಬ ವಿನ್ಯಾಸಕಾರರಿದ್ದರು. ಹೊಚ್ಚಹೊಸ ತಂತ್ರಜ್ಞಾನದ ಹಿಂದೆ ಓಡುವ ಬದಲು, ಹಳತಾಗಿ, ಅಗ್ಗವಾಗಿ, ಗುಣದೋಷಗಳೆಲ್ಲ ತಿಳಿದಿರುವ ಬಿಡಿಭಾಗಗಳಿಗೆ ಯಾರೂ ಯೋಚಿಸದ ಹೊಸ ಉಪಯೋಗವನ್ನು ಹುಡುಕಬೇಕೆಂಬುದು ಅವರ ನಿಲುವಾಗಿತ್ತು. 1989ರಲ್ಲಿ ಅವರ ತಂಡ ರೂಪಿಸಿದ ಗೇಮ್ ಬಾಯ್ ಎಂಬ, ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ ಬಣ್ಣದ ಪರದೆಯೇ ಇರಲಿಲ್ಲ. ಎದುರಾಳಿಯಾದ ಸೆಗಾ ಕಂಪನಿಯ ಗೇಮ್ ಗಿಯರ್‌ಗೆ ಬಣ್ಣವೂ ಇತ್ತು, ಬೆಳಕೂ ಇತ್ತು. ಆದರೆ ಅದು ಆರು ಬ್ಯಾಟರಿಗಳನ್ನು ಕೆಲವೇ ಗಂಟೆಗಳಲ್ಲಿ ಮುಗಿಸಿಬಿಡುತ್ತಿತ್ತು, ಗೇಮ್ ಬಾಯ್ ನಾಲ್ಕು ಬ್ಯಾಟರಿಗಳಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ನಡೆಯುತ್ತಿತ್ತು. ಮಾರುಕಟ್ಟೆಯಲ್ಲಿ ಉಳಿದದ್ದು ಬಣ್ಣವಿಲ್ಲದ್ದೇ. ಸ್ವಿಚ್‌ನೊಳಗಿರುವ ಎನ್‌ವಿಡಿಯಾ ಟೆಗ್ರಾ ಎಕ್ಸ್1 ಚಿಪ್ ಕೂಡ ಸ್ವಿಚ್ ಬರುವ ಎರಡು ವರ್ಷ ಮೊದಲೇ, 2015ರಲ್ಲಿ, ಪ್ರಕಟವಾಗಿದ್ದದ್ದು. ಇದಕ್ಕೆ ಹಿಂದಿನ ಕನ್ಸೋಲ್ ಆದ ವೀ ಯು ಸುಮಾರು 1.35 ಕೋಟಿಯಷ್ಟು ಮಾತ್ರ ಮಾರಾಟವಾಗಿ ಸೋತಿತ್ತು. ಸ್ವಿಚ್‌ನ ಮಾರಾಟ 15 ಕೋಟಿಯನ್ನು ದಾಟಿದೆ. ಹೆಚ್ಚು ಮಾರಾಟವಾದದ್ದೆಲ್ಲ ಒಳ್ಳೆಯದೆಂದು ನಾನು ಹೇಳುತ್ತಿಲ್ಲ, ಆದರೆ ಇಷ್ಟು ಜನ ಕೊಂಡ ಯಂತ್ರಕ್ಕೆ ಕೋಷ್ಟಕದಲ್ಲಿ ಒಂದೇ ಷರಾ ಸಾಲದು.

ಇನ್ನು ಸಮಯದ ಪ್ರಶ್ನೆ. ಫೋನಿನಲ್ಲಿ ಆಟಗಳು ಪುಕ್ಕಟೆಯಾಗಿ ಸಿಗುವಾಗ ಬೇರೆ ಯಂತ್ರವೇಕೆ ಎಂದು ಕೇಳುವವರಿದ್ದಾರೆ. ಪುಕ್ಕಟೆ ಆಟಗಳಲ್ಲಿ ಬಹಳಷ್ಟು, ಮುಗಿಯದಂತೆಯೇ ಕಟ್ಟಿದಂಥವು: ಇಂದು ಬಾರದಿದ್ದರೆ ಬಹುಮಾನ ತಪ್ಪುತ್ತದೆ, ಕಾಯಲಾಗದಿದ್ದರೆ ಹಣ ಕೊಡಿ ಎಂದು ಮತ್ತೆ ಮತ್ತೆ ಕರೆಯುತ್ತಿರುತ್ತವೆ. ಸ್ವಿಚ್‌ನ ಮುಖ್ಯ ಆಟಗಳನ್ನು ಒಮ್ಮೆ ಕೊಂಡರೆ ಆಯಿತು, ಅವಕ್ಕೆ ಆದಿಯೂ ಉಂಟು, ಅಂತ್ಯವೂ ಉಂಟು. ಜೊತೆಗೆ, ನಡುವೆ ಎಲ್ಲಿ ಬೇಕಾದರೂ ಪವರ್ ಗುಂಡಿಯನ್ನು ಒಮ್ಮೆ ಒತ್ತಿದರೆ ಯಂತ್ರ ಮಲಗುತ್ತದೆ, ಮರುದಿನ ಎಬ್ಬಿಸಿದರೆ ಆಟ ಬಿಟ್ಟ ಜಾಗದಿಂದಲೇ ಮುಂದುವರಿಯುತ್ತದೆ. ಸ್ವಿಚ್‌ನ ಜೊತೆಗೇ ಬಂದ ಬ್ರೆತ್ ಆಫ್ ದ ವೈಲ್ಡ್ ಎಂಬ ಬೃಹತ್ ಆಟದಲ್ಲಿ 120 ಪುಟ್ಟ ಗುಡಿಗಳಿವೆ. ಬಹುಪಾಲು ಗುಡಿಗಳೊಳಗೆ ಒಂದೊಂದು ಒಗಟು. ದಿನದ ಕೆಲಸ ಮುಗಿದ ಮೇಲೆ ಒಂದು ಗುಡಿಯ ಒಗಟು ಬಿಡಿಸಿ ಯಂತ್ರವನ್ನು ಮಲಗಿಸಿ ತಾವೂ ಮಲಗುವ ನನ್ನಂಥವರಿಗೆ ಇದಕ್ಕಿಂತ ಹೆಚ್ಚಿನ ಸೌಕರ್ಯ ಬೇಕಿಲ್ಲ. ಪುಕ್ಕಟೆಯಾಗಿ ಕೊಟ್ಟು ಒಳಗೆ ಮಾರುವ ಆಟಗಳು ಸ್ವಿಚ್‌ನಲ್ಲಿಯೂ ಇವೆ, ಇಲ್ಲವೆನ್ನಲಾರೆ. ಆದರೆ ಮಕ್ಕಳ ಖಾತೆಯಿಂದ ಕೊಳ್ಳುವುದನ್ನು ತಡೆಯಬಹುದು. ದಿನಕ್ಕೆ ಎಷ್ಟು ಹೊತ್ತು ಆಡಬಹುದೆಂಬ ಮಿತಿಯನ್ನು ಪೋಷಕರು ತಮ್ಮ ಫೋನಿನ ಆ್ಯಪ್‌ನಿಂದಲೇ ಹಾಕಬಹುದು. ಹೊತ್ತು ಮೀರಿದಾಗ ಬರೀ ಎಚ್ಚರಿಕೆ ತೋರಿಸಬೇಕೋ, ಆಟವನ್ನೇ ನಿಲ್ಲಿಸಬೇಕೋ ಎಂಬುದೂ ಅವರ ಇಚ್ಛೆ. ನಮ್ಮಲ್ಲಿ ಎಚ್ಚರಿಕೆ ಮಾತ್ರ ಸಾಕಾಗಿದೆ.

ಆಟಗಳು ಕಾರ್ಡಿನ ರೂಪದಲ್ಲೂ ಸಿಗುವುದು ಇನ್ನೊಂದು ಲಾಭ. ಆಡಿ ಮುಗಿಸಿದ ಕಾರ್ಡನ್ನು ಗೆಳೆಯರಿಗೆ ಕೊಡಬಹುದು, ಮಾರಬಹುದು, ಬದಲಾಯಿಸಿಕೊಳ್ಳಬಹುದು. ಅಂಚೆಚೀಟಿಯಷ್ಟೇ ದೊಡ್ಡದಾದ ಆ ಕಾರ್ಡನ್ನು ಮಗು ಬಾಯಿಗೆ ಹಾಕಿಕೊಳ್ಳದಿರಲೆಂದು ಅದಕ್ಕೆ ಡೆನಾಟೋನಿಯಂ ಬೆಂಜೊಯೇಟ್ ಎಂಬ ಅತಿ ಕಹಿಯಾದ ಲೇಪ ಹಚ್ಚಿರುತ್ತಾರೆ. ನಿಜವೋ ಎಂದು ನಾಲಿಗೆ ತಾಗಿಸಿ ನೋಡಿದ ಮೂರ್ಖರಲ್ಲಿ ನಾನೂ ಒಬ್ಬ. ನೀರು ಕುಡಿದರೂ ಕಹಿ ಬೇಗ ಹೋಗುವುದಿಲ್ಲ.

ಕುಂದುಗಳನ್ನು ಮುಚ್ಚಿಡಬಾರದು. ಜಾಯ್-ಕಾನ್‌ನ ಸ್ಟಿಕ್ ಬಳಕೆಯಿಂದ ಸವೆದು, ಯಾರೂ ಮುಟ್ಟದಿದ್ದರೂ ಪಾತ್ರ ತಾನಾಗಿ ಒಂದು ಕಡೆಗೆ ಸರಿಯುವ ‘ಡ್ರಿಫ್ಟ್’ ತೊಂದರೆ ಲೋಕಪ್ರಸಿದ್ಧವಾಗಿದೆ. ಕಂಪನಿಯ ಅಧ್ಯಕ್ಷ ಶುಂತಾರೊ ಫುರುಕಾವಾ ಅವರು 2020ರ ಜೂನ್‌ನಲ್ಲಿ ಜಾಯ್-ಕಾನ್ ತೊಂದರೆಗಾಗಿ ಬಹಿರಂಗವಾಗಿಯೇ ಕ್ಷಮೆ ಕೋರಿದ್ದರು. ಇಬ್ಬರ ಯಂತ್ರವೆಂದು ನಾನು ಹೊಗಳಿದ್ದಕ್ಕೆ ಆಧಾರವಾದ ಭಾಗವೇ ಅದರ ದುರ್ಬಲ ಭಾಗವೂ ಹೌದು, ಆದ್ದರಿಂದ ಕೊಳ್ಳುವವರು ರಿಪೇರಿಯ ಷರತ್ತುಗಳನ್ನು ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಮೂಲ ಮಾದರಿಯ 32 ಜಿಬಿ ಸಂಗ್ರಹಕ್ಕೆ ಮೆಮೊರಿ ಕಾರ್ಡ್ ಸೇರಿಸದೆ ಗತಿಯಿಲ್ಲ. ಆಟಗಳನ್ನು ಆನ್‌ಲೈನ್‌ನಲ್ಲಿ ಬೇರೆಯವರೊಡನೆ ಆಡಲು 2018ರ ಸೆಪ್ಟೆಂಬರ್‌ನಿಂದ ಬಹುಮಟ್ಟಿಗೆ ಚಂದಾ ಕಟ್ಟಬೇಕಾಗಿದೆ. ಒಬ್ಬರೇ ಕುಳಿತು, ದೊಡ್ಡ ಟಿವಿಯಲ್ಲಿ, ಇಂದಿನ ಅತಿ ವೈಭವದ ಆಟಗಳನ್ನು ಆಡುವುದೇ ನಿಮ್ಮ ಉದ್ದೇಶವಾದರೆ ಲೇಖಕರ ಷರಾವೇ ಸರಿ, ಸ್ವಿಚ್ ನಿಮಗಲ್ಲ.

ಯಾವ ಸ್ವಿಚ್ ಎಂಬ ಪ್ರಶ್ನೆ ಉಳಿಯಿತು. 2019ರಲ್ಲಿ ಬಂದ ಸ್ವಿಚ್ ಲೈಟ್ ಚಿಕ್ಕದು, ಹಗುರ, ಅಗ್ಗ. ಆದರೆ ಅದರ ಕಂಟ್ರೋಲರ್‌ಗಳು ಕಳಚುವುದಿಲ್ಲ, ಅದನ್ನು ಟಿವಿಗೆ ಜೋಡಿಸಲೂ ಆಗದು. ನಾನು ಇಲ್ಲಿಯವರೆಗೆ ಹೇಳಿದ ಕಾರಣಗಳಲ್ಲಿ ಮುಖ್ಯವಾದವು ಅದಕ್ಕೆ ಅನ್ವಯಿಸುವುದೇ ಇಲ್ಲ. ಹೆಸರು ಒಂದೇ ಎಂದು ಮೋಸಹೋಗಬಾರದು. 2021ರಲ್ಲಿ ಬಂದ, 7 ಇಂಚಿನ ಒಎಲ್‌ಇಡಿ ಪರದೆಯ ಮಾದರಿ, ಕೈಯಲ್ಲೇ ಹಿಡಿದು ಹೆಚ್ಚಾಗಿ ಆಡುವವರಿಗೆ ತಕ್ಕದ್ದು. 2025ರ ಜೂನ್ 5ರಂದು ಬಂದ ಸ್ವಿಚ್ 2ರಲ್ಲಿ 7.9 ಇಂಚಿನ ಪರದೆ, 256 ಜಿಬಿ ಸಂಗ್ರಹ ಇವೆ. ಅದರ ಜಾಯ್-ಕಾನ್‌ಗಳು ಹಳಿಯ ಬದಲು ಅಯಸ್ಕಾಂತದಿಂದ ಅಂಟಿಕೊಳ್ಳುತ್ತವೆ. ಹಳೆಯ ಸ್ವಿಚ್‌ನ ಕಾರ್ಡ್‌ಗಳಲ್ಲಿ ಬಹುಪಾಲು ಅದರಲ್ಲೂ ನಡೆಯುತ್ತವೆ, ಹಳೆಯ ಜಾಯ್-ಕಾನ್‌ಗಳೂ ನಿಸ್ತಂತುವಾಗಿ ಅದಕ್ಕೆ ಸೇರುತ್ತವೆ. ಬಹಳ ವರ್ಷ ಬಾಳಬೇಕೆನ್ನುವವರು ನೇರವಾಗಿ ಅದನ್ನೇ ಕೊಳ್ಳಬಹುದು; ಮಕ್ಕಳು ಇನ್ನೂ ಚಿಕ್ಕವರಿದ್ದರೆ ಹಳೆಯದೇ ಸಾಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಇಂದು ಕೊಂಡ ಕಾರ್ಡ್‌ಗಳು ನಾಳೆ ವ್ಯರ್ಥವಾಗುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಸ್ವಿಚ್ 2ರ ಕೆಲವು ಆಟಗಳು ‘ಗೇಮ್-ಕೀ ಕಾರ್ಡ್’ ಎಂಬ ರೂಪದಲ್ಲಿ ಬರುತ್ತವೆ. ಅವುಗಳೊಳಗೆ ಆಟ ಇರುವುದಿಲ್ಲ, ಕಾರ್ಡ್ ಹಾಕಿದ ಮೇಲೆ ಅಂತರ್ಜಾಲದಿಂದ ಇಳಿಸಿಕೊಳ್ಳಬೇಕು. ಪೆಟ್ಟಿಗೆಯ ಮೇಲೆ ಇದನ್ನು ಮುದ್ರಿಸಿರುತ್ತಾರೆ. ಹಣ ಕೊಡುವ ಮುಂಚೆ ಓದಿಕೊಳ್ಳಬೇಕು.

ಮುಂದಿನ ಬಾರಿ ಇಂಥ ಹೋಲಿಕೆ ಪ್ರಕಟಿಸುವಾಗ, ಟೆರಾಫ್ಲಾಪ್‌ನ ಪಕ್ಕದಲ್ಲಿ ‘ಪೆಟ್ಟಿಗೆ ತೆರೆದ ದಿನ ಎಷ್ಟು ಜನ ಆಡಬಹುದು’ ಎಂಬ ಒಂದು ಅಂಕಣವನ್ನೂ ಸೇರಿಸಬೇಕೆಂದು ತಮ್ಮಲ್ಲಿ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಓದುಗ