ಬೈಗುಳಕ್ಕೆ ಹೆದರಿ ಮುಚ್ಚಿಟ್ಟ ತೂತುಗಳು

ಮಾನ್ಯ ಸಂಪಾದಕರೇ,

ಹುಬ್ಬಳ್ಳಿಯ ಕಾರ್ಖಾನೆಗಳಲ್ಲಿ ಹುಡುಗರು ನಿಲ್ಲುವುದಿಲ್ಲ, ಪುಣೆಗೋ ಬೆಂಗಳೂರಿಗೋ ಹೋಗಿಬಿಡುತ್ತಾರೆ ಎಂದು ಮಾಲೀಕರು ಹೇಳುತ್ತಲೇ ಇರುತ್ತಾರೆ. ಸಂಬಳ ಒಂದು ಕಾರಣ, ನಿಜ. ಆದರೆ ಮೇಲಿನವರು ಅವರನ್ನು ನಡೆಸಿಕೊಳ್ಳುವ ರೀತಿಯ ಬಗ್ಗೆ ಯಾರೂ ಮಾತಾಡುವುದಿಲ್ಲ.

ನಾನು ಇಲ್ಲಿನ ವಾಲ್ವ್ ಕಾರ್ಖಾನೆಯೊಂದರಲ್ಲಿ ಟೆಸ್ಟಿಂಗ್ ನೋಡಿಕೊಳ್ಳುತ್ತೇನೆ. ವಾಲ್ವ್ ತಾಳಬೇಕಾದ ಒತ್ತಡದ ಒಂದೂವರೆ ಪಟ್ಟು ನೀರಿನ ಒತ್ತಡ ಕೊಟ್ಟು, ಬಾಡಿ ಸೋರುತ್ತದೆಯೇ ಎಂದು ನೋಡುತ್ತೇವೆ. ಹಿಂದಿದ್ದ ಮ್ಯಾನೇಜರ್, ಪೀಸ್ ರಿಜೆಕ್ಟ್ ಆದರೆ ಎಲ್ಲರೆದುರು ಬೈದು ಸಂಬಳದಲ್ಲಿ ಹಣ ಹಿಡಿಯುತ್ತಿದ್ದರು. (ಕಾರಣ ಹೇಳಲು ಅವಕಾಶ ಕೊಡದೆ ಹಾಗೆ ಹಿಡಿಯುವಂತಿಲ್ಲ ಎಂದು 1936ರ ವೇತನ ಪಾವತಿ ಕಾಯ್ದೆಯಲ್ಲೇ ಇತ್ತು.) ಹೀಗಾಗಿ ಲೇತ್ (ಲೋಹ ಕಡೆಯುವ ಯಂತ್ರ) ಮುಂದೆ ನಿಂತ ಹುಡುಗ, ಎರಕದಲ್ಲಿ ತೂತು ಕಂಡರೂ ಬಾಯಿ ಬಿಡುತ್ತಿರಲಿಲ್ಲ. ಪುಟ್ಟಿ ತುಂಬಿ ಮುಂದೆ ತಳ್ಳುತ್ತಿದ್ದ. ಡ್ರಿಲ್ಲಿಂಗ್, ಲ್ಯಾಪಿಂಗ್ (ಉಜ್ಜಿ ನಯ ಮಾಡುವುದು) ಎಲ್ಲ ಮುಗಿದ ಮೇಲೆ ಅದು ನಮ್ಮ ಹತ್ತಿರ ಬಂದು ಸೋರುತ್ತಿತ್ತು. ಅಷ್ಟು ಮಂದಿಯ ದುಡಿಮೆ ಸುಮ್ನೆ ಹಾಳು.

ಆಮೇಲೆ ಬಂದ ಮ್ಯಾನೇಜರ್ ಒಂದು ಕೆಂಪು ರ್‍ಯಾಕ್ ಇಡಿಸಿದರು. ಕೆಟ್ಟ ಪೀಸ್ ಇಲ್ಲಿಡಿ, ಯಾರದೆಂದು ಕೇಳುವುದಿಲ್ಲ ಎಂದರು. ಕೇಳಲೂ ಇಲ್ಲ. ನಿಧಾನಕ್ಕೆ ಹುಡುಗರೇ ‘ಸಾಹೇಬ್ರ, ಇದರಾಗ ತೂತ ಐತಿ ನೋಡ್ರಿ’ ಎಂದು ಕರೆಯತೊಡಗಿದರು. ಮೊದಮೊದಲು ರಿಜೆಕ್ಷನ್ ಏರಿತು, ಮಾಲೀಕರು ಗಾಬರಿಯಾದರು. ಇಷ್ಟು ದಿನ ಮುಚ್ಚಿಟ್ಟಿದ್ದು ಈಗ ಕಣ್ಣಿಗೆ ಬೀಳುತ್ತಿದೆ ಎಂದು ಈ ಮ್ಯಾನೇಜರೇ ಮಾಲೀಕರಿಗೆ ತಿಳಿಹೇಳಿದರು. ರ್‍ಯಾಕಿನ ಪೀಸುಗಳನ್ನು ಎರಕ ಹೊಯ್ಯುವ ಫೌಂಡ್ರಿಗೆ ಒಯ್ದು ತೋರಿಸಿದಾಗ ಅಸಲಿ ಕಾರಣ ಸಿಕ್ಕಿತು. ಅಚ್ಚಿನ ಮರಳಿನಲ್ಲಿ ತೇವ ಜಾಸ್ತಿಯಿತ್ತು, ಗ್ಯಾಸ್ ಹೊರಹೋಗಲು ದಾರಿ ಸಾಲದೆ ಲೋಹದಲ್ಲೇ ಸಿಕ್ಕಿ ತೂತಾಗುತ್ತಿತ್ತು. ಅಂದರೆ ನಮ್ಮ ಹುಡುಗರು ತಾವು ಮಾಡದ ತಪ್ಪಿಗೆ ದಂಡ ಕಟ್ಟಿದ್ದರು! ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಕಂಡದ್ದೂ ಇಂಥದ್ದೇ. ಒಳ್ಳೆಯ ಮುಖ್ಯಸ್ಥರಿದ್ದ ನರ್ಸ್ ತಂಡಗಳಲ್ಲೇ ಔಷಧದ ತಪ್ಪುಗಳು ಹೆಚ್ಚು ವರದಿಯಾಗಿದ್ದವು. ಅಲ್ಲಿ ಹೇಳಲು ಭಯವಿರಲಿಲ್ಲ.

ನಮ್ಮಲ್ಲಿ ಚೆನ್ನಾಗಿ ಮಷೀನ್ ಓಡಿಸುವವನನ್ನೇ ಸೂಪರ್‌ವೈಸರ್ ಮಾಡುತ್ತಾರೆ. ಮೈಕ್ರೋಮೀಟರ್ ಹಿಡಿಯಲು ಕಲಿಸುತ್ತೇವೆ, ಮಂದಿಯ ಜೊತೆ ಮಾತಾಡಲು ಯಾರೂ ಕಲಿಸುವುದಿಲ್ಲ ಅಲ್ವಾ? ಗೋಕುಲ ರಸ್ತೆ, ತಾರಿಹಾಳ ಭಾಗದ ಕಾರ್ಖಾನೆಗಳ ಹೊಸ ಸೂಪರ್‌ವೈಸರ್‌ಗಳಿಗೆ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆಯವರು ಒಂದು ತರಬೇತಿ ನಡೆಸಬೇಕು. ಅರ್ಧ ದಿನದ್ದಾದರೂ ಸರಿ. ಲೇತ್ ಮೇಲೆ ದುಡಿಯುವ ಹುಡುಗರನ್ನೂ ಕರೆದು, ಮೊದಲು ಅವರಿಗೇ ಮಾತಾಡಲು ಬಿಡಬೇಕು.

– ಟೆಸ್ಟಿಂಗ್ ವಿಭಾಗದ ನೌಕರ, ಹುಬ್ಬಳ್ಳಿ